ಒಂದೇ ಜೊತೆ ಕಾಲು, ಮೂರು ತಡೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಎರಡು ಜಾತಿಯ ಸೈಕಲ್‌ಗಳು ಎದುರುಬದುರಾಗುವುದುಂಟು. ಒಂದು, ಹಿಂದಿನ ಕ್ಯಾರಿಯರಿಗೆ ಹಾಲಿನ ಕ್ಯಾನನ್ನೋ ಹಸಿಹುಲ್ಲಿನ ಹೊರೆಯನ್ನೋ ಬಿಗಿದುಕೊಂಡ ಕಪ್ಪು ಬಾರ್ ಸೈಕಲ್. ಇನ್ನೊಂದು, ಬಾಗಿದ ಹ್ಯಾಂಡಲಿನ, ಕಡ್ಡಿಯಂತಹ ಟೈರಿನ ರೇಸ್ ಸೈಕಲ್. 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲ್‌ಗಿರೀಸ್’ ಸವಾರಿ ಬಂಡೀಪುರದ ದಾರಿ ಹಿಡಿದ ವರ್ಷಗಳಲ್ಲಂತೂ ಇಂಥವು ಡಜನ್‌ಗಟ್ಟಲೆ ಸಾಲಾಗಿ ಸಾಗುತ್ತವೆ. ಹಾಲಿನವನ ಮನೆಯಲ್ಲಿರುವುದು ಆ ಒಂದೇ ಸೈಕಲ್. ರೇಸ್ ಸೈಕಲಿನವರಲ್ಲಿ ಹಲವರ ಮನೆಯಲ್ಲಿ ಮೂರೋ ನಾಲ್ಕೋ ಇರುತ್ತವೆ. ಎಷ್ಟು ಸೈಕಲ್ ಇದ್ದರೆ ಸಾಕು ಎಂದು ಕೇಳಿದರೆ ‘ಈಗಿರುವುದಕ್ಕಿಂತ ಒಂದು ಹೆಚ್ಚು’ ಎನ್ನುವುದು ಆ ವಲಯದ ಹಳೆಯ ತಮಾಷೆ.

ನೋಡುವವರಿಗೆ ಇದು ದುಡ್ಡಿನ ಶೋಕಿ ಎನಿಸಿದರೆ ತಪ್ಪೇನಿಲ್ಲ. ಶೋಕಿಯ ಪಾಲು ಇದ್ದೇ ಇದೆ. ಆದರೆ ಅದೇ ನೋಡುವವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಬಯಲಿನಲ್ಲಿ ಅರವತ್ತು ಕಿಲೋ ಹೊರೆಯನ್ನು ಲೀಲಾಜಾಲವಾಗಿ ಸಾಗಿಸುವ ಬಾರ್ ಸೈಕಲನ್ನು ಘಾಟಿನ ಬುಡದಲ್ಲಿ ಇಳಿದು ತಳ್ಳಲೇಬೇಕು. ಘಾಟನ್ನು ಹತ್ತಿಬಿಡುವ ರೇಸ್ ಸೈಕಲನ್ನು ಮಳೆ ಬಿದ್ದ ಹೊಲದ ದಾರಿಗೆ ಇಳಿಸಿದರೆ ಹತ್ತು ಮಾರು ಹೋಗುವುದೂ ಕಷ್ಟ. ತುಳಿಯುವ ಕಾಲು ಎರಡರಲ್ಲೂ ಒಂದೇ. ದಾರಿ ಬದಲಾದ ಕೂಡಲೇ ಅದೇ ಕಾಲು ಸೋಲುವುದೇಕೆ?

ನೂರು ವಾಟಿನ ಎಂಜಿನ್

ಸೈಕಲಿನ ಎಂಜಿನ್ ಎಂದರೆ ಸವಾರನ ತೊಡೆ. ಆರೋಗ್ಯವಂತ ಸಾಮಾನ್ಯ ವಯಸ್ಕರೊಬ್ಬರು ಒಂದು ತಾಸು ಬಿಡದೆ ತುಳಿದರೆ ಪೆಡಲಿಗೆ ದಕ್ಕುವುದು ಸುಮಾರು 100 ವಾಟ್. ಪಳಗಿದ ಓಟಗಾರರು ಇದರ ಮೂರು ಪಟ್ಟು ಕೊಡಬಲ್ಲರು. ಈ 100 ವಾಟ್‌ಗಾಗಿ ದೇಹ ಖರ್ಚು ಮಾಡುವುದು 400 ವಾಟ್‌ನಷ್ಟು. ಉಳಿದ ಮುಕ್ಕಾಲು ಪಾಲು ಶಾಖವಾಗಿ ಹೋಗುತ್ತದೆ. ಬಯಲಿನಲ್ಲಿ ಎದುರುಗಾಳಿ ಅದನ್ನು ಹೊತ್ತೊಯ್ಯುತ್ತದೆ. ಏರಿನಲ್ಲಿ ವೇಗವೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಅಂಗಿ ತೊಯ್ಯುವುದಕ್ಕೆ ಅರ್ಧ ಕಾರಣ ಇದೇ.

ಈ ಎಂಜಿನ್ನಿಗೆ ಒಂದು ಹಟವಿದೆ. ಬ್ರಿಟನ್ನಿನ ಶರೀರ ವಿಜ್ಞಾನಿ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿ ಅದನ್ನು ಲೆಕ್ಕಕ್ಕೆ ತಂದರು. ಸ್ನಾಯು ಬೇಗ ಬೇಗ ಕುಗ್ಗಿದಷ್ಟೂ ಅದರ ಎಳೆತ ಕಡಿಮೆ. ಕುಗ್ಗದೆ ಬಿಗಿಹಿಡಿದು ನಿಂತರೆ ಎಳೆತ ಹೆಚ್ಚು, ಆದರೆ ಕೆಲಸ ಸೊನ್ನೆ. ಅತಿ ಹೆಚ್ಚು ಶಕ್ತಿ ಸಿಗುವುದು ಇವೆರಡರ ನಡುವೆ, ಸ್ನಾಯುವಿನ ಗರಿಷ್ಠ ವೇಗದ ಮೂರನೇ ಒಂದು ಭಾಗದ ಸುತ್ತಮುತ್ತ. ಸೈಕಲಿನ ಮಟ್ಟಿಗೆ ಹೇಳುವುದಾದರೆ ಪೆಡಲು ನಿಮಿಷಕ್ಕೆ ಅರವತ್ತರಿಂದ ತೊಂಬತ್ತು ಸುತ್ತು ತಿರುಗುತ್ತಿದ್ದರೆ ಕಾಲಿಗೆ ಹಿತ. ಈ ಗತಿಯನ್ನು ‘ತುಳಿಗತಿ’ ಎಂದು ಕರೆಯೋಣ. ತುಳಿಗತಿ ಇಪ್ಪತ್ತಕ್ಕೆ ಇಳಿದರೆ ಮಂಡಿ ನೋಯುತ್ತದೆ, ನೂರಿಪ್ಪತ್ತಕ್ಕೆ ಏರಿದರೆ ಕಾಲು ಸುಮ್ಮನೆ ಗರಗರ ತಿರುಗುತ್ತದೆ.

ಸವಾರನ ಬಳಿ ಇರುವ ಬಂಡವಾಳ ಇಷ್ಟೇ: ನೂರು ವಾಟ್, ಅದೂ ಒಂದು ಗತಿಯಲ್ಲಿ ಮಾತ್ರ.

ಖರ್ಚಾಗುವ ಮೂರು ದಾರಿ

ಸೈಕಲನ್ನು ಹಿಂದಕ್ಕೆ ಹಿಡಿಯುವ ತಡೆಗಳು ಮೂರು. ಟೈರು ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುವಾಗ ರಬ್ಬರು ತುಸು ಶಕ್ತಿಯನ್ನು ನುಂಗಿಬಿಡುತ್ತದೆ. ಇದು ಉರುಳುತಡೆ. ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗಲು ತಗಲುವುದು ಗಾಳಿತಡೆ. ಮೈಯನ್ನೂ ಸೈಕಲನ್ನೂ ಎತ್ತರಕ್ಕೆ ಏರಿಸಲು ತಗಲುವುದು ಏರುತಡೆ. ಚೈನು, ಬೇರಿಂಗು ತಿನ್ನುವುದು ಅಲ್ಪ. ಎಣ್ಣೆ ಕಾಣದ ಚೈನಿನ ಮಾತು ಬೇರೆ.

ಈ ಮೂರರ ನಡತೆ ಒಂದೇ ತೆರನಲ್ಲ, ಕತೆಯ ಗಂಟು ಇರುವುದೇ ಇಲ್ಲಿ. ಉರುಳುತಡೆ ಮತ್ತು ಏರುತಡೆಗೆ ವೇಗದ ಹಂಗಿಲ್ಲ. ಮೆಲ್ಲಗೆ ಹೋದರೂ ಜೋರಾಗಿ ಹೋದರೂ ಅವು ಹಿಂದಕ್ಕೆಳೆಯುವ ಬಲ ಅಷ್ಟೇ. ಗಾಳಿತಡೆ ಹಾಗಲ್ಲ. ವೇಗ ಇಮ್ಮಡಿಯಾದರೆ ಅದರ ಬಲ ನಾಲ್ಕು ಪಟ್ಟು, ಅದನ್ನು ಗೆಲ್ಲಲು ಬೇಕಾಗುವ ಶಕ್ತಿ ಎಂಟು ಪಟ್ಟು.

65 ಕಿಲೋ ತೂಗುವ ಸವಾರ, 20 ಕಿಲೋ ತೂಗುವ ಬಾರ್ ಸೈಕಲ್, ಸಮತಟ್ಟಾದ ಡಾಂಬರು ರಸ್ತೆ. ಗಂಟೆಗೆ 15 ಕಿ.ಮೀ. ವೇಗಕ್ಕೆ ಉರುಳುತಡೆಗೆ ಸುಮಾರು 28 ವಾಟ್, ಗಾಳಿತಡೆಗೆ 24, ಒಟ್ಟು ಐವತ್ತು ಚಿಲ್ಲರೆ. ನೂರರ ಬಂಡವಾಳದಲ್ಲಿ ಅರ್ಧ ಇನ್ನೂ ಕೈಯಲ್ಲೇ ಉಳಿದಿದೆ. ಹಾಲಿನವರು ಹಾಡು ಗುನುಗುತ್ತಾ ಹೋಗುವುದು ಈ ವೇಗದಲ್ಲೇ. ಅದೇ ಸೈಕಲನ್ನು 30 ಕಿ.ಮೀ. ವೇಗಕ್ಕೆ ಏರಿಸಲು ಹೊರಟರೆ ಬೇಕಾಗುವುದು ಸುಮಾರು 245 ವಾಟ್. ಅದರಲ್ಲಿ 190 ಗಾಳಿಗೇ ಸಲ್ಲುತ್ತದೆ. ಸಾಮಾನ್ಯ ಕಾಲಿನಿಂದ ಆಗದ ಮಾತು.

ರೇಸ್ ಸೈಕಲಿನ ಬಾಗಿದ ಹ್ಯಾಂಡಲ್ ಹುಟ್ಟಿದ್ದು ಈ 190 ವಾಟನ್ನು ಕಡಿಮೆ ಮಾಡಲು. ನೆಟ್ಟಗೆ ಕೂತ ಎದೆ ಗಾಳಿಗೆ ಒಡ್ಡುವ ಅಡ್ಡಗೋಡೆಯನ್ನು ಬೆನ್ನು ಬಗ್ಗಿಸಿದ ಸವಾರ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತಾನೆ. ಅದೇ 30 ಕಿ.ಮೀ. ವೇಗಕ್ಕೆ ಅವನಿಗೆ ಸುಮಾರು 130 ವಾಟ್ ಸಾಕು. ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಹೋದರೆ ಇನ್ನೂ ಕಡಿಮೆ. ಗುಂಪಾಗಿ ಸಾಗುವವರು ಒಬ್ಬರ ಹಿಂದೊಬ್ಬರು ಮೊಳದಂತರದಲ್ಲಿ ಹೋಗುವುದು ಸ್ನೇಹಕ್ಕಲ್ಲ.

ಸೈಕಲಿನ ತೂಕ ಕಡಿಮೆಯಾದರೆ ಎಲ್ಲಾ ಸರಿಹೋಗುತ್ತದೆ ಎಂಬ ನಂಬಿಕೆ ಅಂಗಡಿಗಳಲ್ಲಿ ಜೋರಾಗಿದೆ. ಬಯಲು ರಸ್ತೆಯಲ್ಲಿ ತೂಕದಿಂದ ಆಗುವ ಉಳಿತಾಯ ಜುಜುಬಿ. ಕೂರುವ ಭಂಗಿಯಿಂದ ಆಗುವ ಉಳಿತಾಯದ ಪಕ್ಕದಲ್ಲಿ ಅದು ಲೆಕ್ಕಕ್ಕೇ ಬಾರದು.

ಆಷಾಢದಲ್ಲಿ ಪಡುವಲಿಗೆ ಹೊರಟವರು

ಚಾಮರಾಜನಗರದಿಂದ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋಗುವ ರಸ್ತೆ ಪಡುವಣಕ್ಕೆ, ತುಸು ತೆಂಕಣಕ್ಕೆ ಸಾಗುತ್ತದೆ. ಚಾಮರಾಜೇಶ್ವರನ ತೇರಿಗೆ ನವದಂಪತಿಗಳು ನೆರೆದು ಹಣ್ಣು ಜವನ ಎಸೆಯುವ ಆಷಾಢದ ದಿನಗಳಲ್ಲಿ ನೈರುತ್ಯ ಮುಂಗಾರಿನ ಗಾಳಿ ಸರಿಯಾಗಿ ಎದುರಿನಿಂದಲೇ ಬೀಸುತ್ತದೆ. ಸಾಲದ್ದಕ್ಕೆ ಗುಂಡ್ಲುಪೇಟೆ ಚಾಮರಾಜನಗರಕ್ಕಿಂತ ಒಂದಿಷ್ಟು ಎತ್ತರದಲ್ಲಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಏರು, ಆದರೆ ಕಾಲಿನಿಂದ ಅದನ್ನು ಮುಚ್ಚಿಡಲಾಗದು.

ಗಾಳಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಎದುರಿಗೆ ಬೀಸುತ್ತಿದೆ, ಸವಾರನೂ 15ರಲ್ಲಿ ಹೋಗುತ್ತಿದ್ದಾನೆ ಎನ್ನೋಣ. ಎದೆಗೆ ಬಡಿಯುವ ಗಾಳಿಯ ವೇಗ 30. ಆಗ ಬೇಕಾಗುವ ಶಕ್ತಿ ಐವತ್ತರಿಂದ ನೂರಿಪ್ಪತ್ತು ವಾಟ್ ದಾಟುತ್ತದೆ. ಸಂಜೆ ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ. ಸವಾರನೂ ಗಾಳಿಯೂ ಒಂದೇ ವೇಗದಲ್ಲಿ ಹೋಗುವುದರಿಂದ ಗಾಳಿತಡೆ ಇಲ್ಲವೇ ಇಲ್ಲ, 28 ವಾಟ್ ಸಾಕು. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆಯಲ್ಲ ಎಂದು ಸಮಾಧಾನ ಹೇಳುವವರು ಲೆಕ್ಕ ತಪ್ಪುತ್ತಾರೆ. ಹೋಗುವಾಗ ಎಪ್ಪತ್ತು ಜಾಸ್ತಿ, ಬರುವಾಗ ಇಪ್ಪತ್ತನಾಲ್ಕು ಮಾತ್ರ ಕಡಿಮೆ.

ಈ ರಸ್ತೆಗೆ, ಈ ತಿಂಗಳಿಗೆ, ಬೇಕಾದದ್ದು ಬಗ್ಗಿ ಕೂರುವ ಸೈಕಲ್. ಆದರೆ ಬಗ್ಗಿ ಕೂತವರು ಕ್ಯಾರಿಯರಿನಲ್ಲಿ ಹುಲ್ಲು ಹೊರಲಾರರು. ಸಂತೆಯ ಜನಜಂಗುಳಿಯ ನಡುವೆ ತಲೆ ಎತ್ತಿ ನೋಡುತ್ತಾ ನುಸುಳುವುದೂ ಅವರಿಗೆ ಕಷ್ಟ.

ಎರೆಮಣ್ಣು ಮತ್ತು ಟೈರಿನ ಗಾಳಿ

ರಸ್ತೆ ಬಿಟ್ಟು ಹೊಲಕ್ಕೆ ಇಳಿದ ಕೂಡಲೇ ಯಜಮಾನಿಕೆ ಗಾಳಿತಡೆಯಿಂದ ಉರುಳುತಡೆಗೆ ಹೋಗುತ್ತದೆ.

ಹಿಂದಿನ ಚಕ್ರದ ಮೇಲೆ ಐವತ್ತು ಕಿಲೋ ಭಾರವಿದೆ ಎನ್ನಿ. ರೇಸ್ ಸೈಕಲಿನ ಟೈರಿನಲ್ಲಿ ನೂರು ಪೌಂಡ್ ಗಾಳಿ ಇದ್ದರೆ ಆ ಭಾರವಷ್ಟೂ ಸುಮಾರು ಏಳು ಚದರ ಸೆಂಟಿಮೀಟರ್ ನೆಲದ ಮೇಲೆ ಕೂರುತ್ತದೆ. ದಪ್ಪ ಟೈರಿನಲ್ಲಿ ಮೂವತ್ತು ಪೌಂಡ್ ಗಾಳಿ ಇದ್ದರೆ ಅದೇ ಭಾರ ಇಪ್ಪತ್ತಮೂರು, ಇಪ್ಪತ್ತನಾಲ್ಕು ಚದರ ಸೆಂಟಿಮೀಟರಿಗೆ ಹಂಚಿಹೋಗುತ್ತದೆ. ಡಾಂಬರಿಗೆ ಎರಡೂ ಒಂದೇ, ಅದು ಬಗ್ಗುವುದಿಲ್ಲ. ಮೆತ್ತಗಿನ ಮಣ್ಣು ಮಾತ್ರ ತೆಳು ಟೈರಿನಡಿ ಕುಸಿಯುತ್ತದೆ. ಆಗ ಚಕ್ರ ಉರುಳುವುದಲ್ಲ, ತಾನೇ ತೋಡಿಕೊಂಡ ಗುಂಡಿಯಿಂದ ಪ್ರತಿ ಗಳಿಗೆಯೂ ಹತ್ತಿ ಹೊರಬರುತ್ತಿರುತ್ತದೆ. ಉರುಳುತಡೆ ಡಾಂಬರಿನದಕ್ಕಿಂತ ಹಲವು ಪಟ್ಟು ಏರುತ್ತದೆ. ನೂರು ವಾಟ್ ಅಲ್ಲೇ ಮುಗಿಯುತ್ತದೆ.

ಜಿಲ್ಲೆಯಲ್ಲಿ ಕೆಂಪುಮಣ್ಣೂ ಇದೆ, ಎರೆಯೂ ಇದೆ. ಒಂದು ಮಳೆ ಬಿದ್ದ ಎರೆಮಣ್ಣು ಟೈರಿಗೆ ಮೆತ್ತಿಕೊಂಡು, ಸುತ್ತಿ ಬಂದು, ಮಡ್‌ಗಾರ್ಡಿನ ಸಂದಿಯಲ್ಲಿ ತುಂಬಿ, ಕೊನೆಗೆ ಚಕ್ರ ತಿರುಗದಂತೆ ಕಚ್ಚಿ ಹಿಡಿಯುತ್ತದೆ. ಕಡ್ಡಿಯಿಂದ ಕೆರೆದು ತೆಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಮಣ್ಣುದಾರಿಯಲ್ಲಿ ಇಳಿಸುತ್ತಾ, ಮುರಿಯುತ್ತಾ, ಮತ್ತೆ ಕಟ್ಟುತ್ತಾ ರೂಪಿಸಿದ್ದೇ ಇಂದಿನ ಮೌಂಟನ್ ಬೈಕ್. ಅದರ ದಪ್ಪ ಟೈರು ಎಲ್ಲರ ಕಣ್ಣಿಗೂ ಬೀಳುತ್ತದೆ. ಟೈರಿಗೂ ಫೋರ್ಕಿಗೂ ನಡುವೆ ಬಿಟ್ಟ ಖಾಲಿ ಜಾಗ ಕಣ್ಣಿಗೆ ಬೀಳುವುದಿಲ್ಲ. ಎರೆಮಣ್ಣಿನಲ್ಲಿ ಕೈಹಿಡಿಯುವುದು ಆ ಖಾಲಿ ಜಾಗ.

ಇಷ್ಟು ಹೇಳಿದ ಮೇಲೆ ತೆಳು ಟೈರು ಡಾಂಬರಿನಲ್ಲಾದರೂ ಮೇಲು ಎಂದು ಒಪ್ಪಿಬಿಡಬಹುದು ಎನಿಸೀತು. ಅದೂ ಪೂರ್ತಿ ನಿಜವಲ್ಲ. ಗಾಳಿಯ ಒತ್ತಡ ಒಂದೇ ಇದ್ದರೆ ಅಗಲ ಟೈರೇ ತುಸು ಹಗುರಾಗಿ ಉರುಳುತ್ತದೆ. ಕಲ್ಲು ಎದ್ದ ರಸ್ತೆಯಲ್ಲಿ ಬಿಗಿಯಾದ ತೆಳು ಟೈರು ಸವಾರನ ಇಡೀ ಮೈಯನ್ನು ಕುಲುಕುತ್ತದೆ, ಕುಲುಕಿದ್ದೆಲ್ಲ ಕಾಲಿನ ಲೆಕ್ಕಕ್ಕೇ ಖರ್ಚು. ವೃತ್ತಿ ಓಟಗಾರರೇ 23 ಮಿಲಿಮೀಟರ್ ಟೈರನ್ನು ಬಿಟ್ಟು 28ಕ್ಕೆ, ಅದಕ್ಕೂ ಮೇಲಕ್ಕೆ ಬಂದಿದ್ದಾರೆ. ಜಾಲಿಮುಳ್ಳಿನ ನಾಡಿನಲ್ಲಿ ಆ ತೆಳು ಟೈರಿನ ಗತಿ ಏನೆಂದು ಪಂಕ್ಚರ್ ಅಂಗಡಿಯವರು ಮೊದಲೇ ಬಲ್ಲರು.

ಮೂವತ್ತಾರು ತಿರುವು, ಹದಿನೈದು ಸುತ್ತು

ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಕವಲಾಗುತ್ತದೆ. ಬಲಕ್ಕೆ ಗೂಡಲೂರಿನ ಮೇಲಿನ ಉದ್ದದ ದಾರಿ. ಎಡಕ್ಕೆ ಮಸಿನಗುಡಿಯ ಮೇಲೆ ಕಲ್ಲಹಟ್ಟಿ ಘಾಟಿನ ಗಿಡ್ಡ ದಾರಿ, ಮೂವತ್ತಾರು ಹೇರ್‌ಪಿನ್ ತಿರುವು. ಊಟಿ ಇರುವುದು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ. ಚಾಮರಾಜನಗರದವರಿಗೆ ಇನ್ನೊಂದು ಘಾಟಿಯ ಪರಿಚಯವೂ ಇದೆ, ಸತ್ಯಮಂಗಲದ ದಾರಿಯ ದಿಂಬಂ, ಇಪ್ಪತ್ತೇಳು ತಿರುವು. ಅದು ಹೋಗುವಾಗ ಇಳಿಜಾರು. ಬರುವಾಗ ಬಡ್ಡಿ ಸಮೇತ ವಸೂಲಿ.

ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ರಸ್ತೆ ಎನ್ನೋಣ. ಕಲ್ಲಹಟ್ಟಿಯ ಹಲವು ತುಂಡುಗಳು ಇದಕ್ಕಿಂತ ಕಡಿದು. ಬಾರ್ ಸೈಕಲಿನ ಸವಾರ ತನ್ನ ನೂರು ವಾಟನ್ನೂ ಸುರಿದರೆ ಸಿಗುವ ವೇಗ ಗಂಟೆಗೆ ಸುಮಾರು 5 ಕಿ.ಮೀ. ನಡಿಗೆಯ ವೇಗ. ಗಾಳಿತಡೆ ಇಲ್ಲಿ ಇಲ್ಲವೆಂದೇ ಲೆಕ್ಕ. ವೇಗ ಕಡಿಮೆಯಾದರೇನು, ಮೆಲ್ಲಗೆ ಹತ್ತಿದರಾಯಿತು ಎನ್ನಬಹುದು. ಹತ್ತಲಾಗದು.

ಬಾರ್ ಸೈಕಲಿನ ಮುಂದಿನ ಹಲ್ಲುಚಕ್ರದಲ್ಲಿ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಪೆಡಲು ಒಂದು ಸುತ್ತು ಬಂದರೆ 28 ಇಂಚಿನ ಚಕ್ರ ಎರಡೂವರೆ ಸುತ್ತಿನ ಹತ್ತಿರ ಬರುತ್ತದೆ, ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿಗತಿ ನಲವತ್ತಾರು, 20 ಕಿ.ಮೀ.ನಲ್ಲಿ ಅರವತ್ತೆರಡು. ಬಯಲಿಗೆ ಹೇಳಿ ಮಾಡಿಸಿದ ಗತಿ. ಗಂಟೆಗೆ 5 ಕಿ.ಮೀ.ನಲ್ಲಿ? ನಿಮಿಷಕ್ಕೆ ಹದಿನೈದು ಸುತ್ತು. ಹದಿನೈದೇ ಸುತ್ತಿನಲ್ಲಿ ನೂರು ವಾಟ್ ಹಿಂಡಬೇಕಾದರೆ ಪೆಡಲಿನ ಮೇಲೆ ಸರಾಸರಿ 38 ಕಿಲೋ ಭಾರದಷ್ಟು ಒತ್ತಡ ಬೀಳುತ್ತಲೇ ಇರಬೇಕು. ಪೆಡಲು ತುತ್ತತುದಿಯಲ್ಲೂ ತಳದಲ್ಲೂ ಇರುವಾಗ ತುಳಿತ ದಕ್ಕುವುದಿಲ್ಲ. ಆದ್ದರಿಂದ ಅದು ಅಡ್ಡಕ್ಕೆ ಬಂದಾಗ 60 ಕಿಲೋ ಮುಟ್ಟಬೇಕು. ಸವಾರನ ತೂಕವೇ 65. ಅಂದರೆ ಸೀಟು ಬಿಟ್ಟು ಎದ್ದು, ಒಂದೊಂದು ತುಳಿತಕ್ಕೂ ಇಡೀ ಮೈಭಾರ ಹಾಕಿ ನಿಲ್ಲಬೇಕು. ಸೇತುವೆಯ ದಿಬ್ಬವನ್ನು ಹೀಗೆ ಹತ್ತಬಹುದು. ಕಿಲೋಮೀಟರುಗಟ್ಟಲೆ ಏರುವ ಘಾಟಿಯನ್ನು ಹತ್ತಲಾಗದು. ಶಕ್ತಿ ಇದ್ದೂ ಕಾಲು ಸೋಲುವುದು ಹೀಗೆ. ಎಂಜಿನ್ ದುರ್ಬಲವಲ್ಲ, ಅದಕ್ಕೆ ಒಗ್ಗದ ಗತಿಯಲ್ಲಿ ಅದನ್ನು ದುಡಿಸಲಾಗುತ್ತಿದೆ.

ಅರಿಸಿನದ ಮೂಟೆ

ಗುಂಡ್ಲುಪೇಟೆಯ ಅರಿಸಿನ ಬೆಳೆಗಾರರು ಒಂದು ಕ್ವಿಂಟಲ್ ಅರಿಸಿನವನ್ನು ಅಟ್ಟಕ್ಕೆ ಸಾಗಿಸಬೇಕಾದರೆ ನೂರು ಕಿಲೋವನ್ನು ಒಂದೇ ಸಲಕ್ಕೆ ಬೆನ್ನಿಗೆ ಹಾಕಿಕೊಳ್ಳುವುದಿಲ್ಲ. ಇಪ್ಪತ್ತು ಕಿಲೋದ ಐದು ಚೀಲ ಮಾಡಿ ಐದು ಸಲ ಹತ್ತುತ್ತಾರೆ. ಅಟ್ಟ ಸೇರುವ ಅರಿಸಿನ ಅಷ್ಟೇ, ಬೆನ್ನು ಮಾತ್ರ ಉಳಿಯುತ್ತದೆ. ಗೇರ್ ಮಾಡುವುದು ಇದನ್ನೇ. ಮುಂದೆ 28 ಹಲ್ಲು, ಹಿಂದೆ 34 ಹಲ್ಲು ಹಾಕಿದರೆ ಒಂದು ಸುತ್ತಿಗೆ ಸೈಕಲ್ ಮುಂದೆ ಹೋಗುವುದು 1.7 ಮೀಟರ್ ಮಾತ್ರ. ಅದೇ 5 ಕಿ.ಮೀ. ವೇಗದಲ್ಲಿ ತುಳಿಗತಿ ನಲವತ್ತೆಂಟರ ಆಸುಪಾಸು. ಪೆಡಲಿನ ಮೇಲಿನ ಸರಾಸರಿ ಒತ್ತಡ 12 ಕಿಲೋಗೆ ಇಳಿಯುತ್ತದೆ. ವೇಗ ಎಳ್ಳಷ್ಟೂ ಹೆಚ್ಚಿಲ್ಲ, ಶಕ್ತಿಯೂ ಹೆಚ್ಚಿಲ್ಲ. ಆದರೆ ಸವಾರ ಸೀಟಿನ ಮೇಲೇ ಕೂತು ಹತ್ತುತ್ತಾನೆ.

ಗೇರ್ ಎಂದರೆ ವೇಗ ಹೆಚ್ಚಿಸುವ ಸಾಧನ ಎಂಬುದು ಹೈಸ್ಕೂಲ್ ಹುಡುಗರ ನಂಬಿಕೆ, ಸೈಕಲ್ ಜಾಹೀರಾತುಗಳೂ ಅದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಗೇರ್ ಶಕ್ತಿ ಕೊಡುವುದಿಲ್ಲ. ದಾರಿ ಯಾವುದಾದರೂ ಕಾಲನ್ನು ಅದರ ಗತಿಯಲ್ಲೇ ಇಡುತ್ತದೆ.

ಸೈಕಲಿನ ಚರಿತ್ರೆಯ ವಿಚಿತ್ರಗಳೆಲ್ಲ ಈ ಒಂದು ಎಳೆಯಿಂದ ಬಿಡಿಸಿಕೊಳ್ಳುತ್ತವೆ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇದ್ದ ಹಳೆಯ ಇಂಗ್ಲಿಷ್ ಸೈಕಲನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದಾರೆ. ಪೆಡಲು ನೇರವಾಗಿ ಚಕ್ರಕ್ಕೇ ಕೂತಿದ್ದರಿಂದ ಒಂದು ತುಳಿತಕ್ಕೆ ದೂರ ಹೋಗಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಅದಕ್ಕೆ ಮಿತಿ ಸವಾರನ ಕಾಲಿನುದ್ದ. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ ‘ರೋವರ್’ ಹಿಂದಿನ ಚಕ್ರಕ್ಕೆ ಚೈನು ಹಾಕಿ ಆ ಮಿತಿಯನ್ನು ಕಿತ್ತುಹಾಕಿತು. ಮೂರು ವರ್ಷಕ್ಕೆ ಡನ್‌ಲಪ್‌ನ ಗಾಳಿ ತುಂಬಿದ ಟೈರು ಬಂತು. ಇಂದಿನ ಬಾರ್ ಸೈಕಲಿನ ಒಡಲು ಅಲ್ಲಿಂದ ಹೆಚ್ಚೇನೂ ಬದಲಾಗಿಲ್ಲ. ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಓಟದಲ್ಲಿ ಚೈನು ಹಲ್ಲಿನಿಂದ ಹಲ್ಲಿಗೆ ಜಿಗಿಯುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಓಟದ ಸ್ಥಾಪಕ ಆನ್ರಿ ದೆಗ್ರಾಂಜ್‌ಗೆ ಗೇರ್ ಎಂದರೆ ಆಗುತ್ತಿರಲಿಲ್ಲ. ಅಲ್ಲಿಯತನಕ ಓಟಗಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಸಿಕ್ಕಿಸಿ ಹತ್ತಬೇಕಿತ್ತು.

ಹಾಗಾದರೆ ಎಷ್ಟು ಸೈಕಲ್?

ಗೇರು ಏರನ್ನು ನಿಭಾಯಿಸುತ್ತದೆ ಎಂದಾದರೆ, ಗೇರಿರುವ ಒಂದೇ ಸೈಕಲ್ ಸಾಲದೇ? ಪೂರ್ತಿ ಸಾಲದು. ಗೇರನ್ನು ಬೆರಳ ತುದಿಯಲ್ಲಿ ಬದಲಿಸಬಹುದು, ಟೈರಿನ ಅಗಲವನ್ನು ಹಾಗೆ ಬದಲಿಸಲಾಗದು. ಬೆನ್ನಿನ ಕೋನ, ಎರಡು ಚಕ್ರಗಳ ನಡುವಿನ ಅಂತರ, ಹೊರೆ ಹೊರುವ ಶಕ್ತಿ ಇವೆಲ್ಲ ಚೌಕಟ್ಟಿನಲ್ಲೇ ಬೆಸುಗೆಯಾಗಿವೆ. ಬಾರ್ ಸೈಕಲಿನ ಉದ್ದನೆಯ ಮೈ ಹೊರೆಯನ್ನು ಅಲುಗಾಡದಂತೆ ಒಯ್ಯುತ್ತದೆ. ಅದೇ ಉದ್ದ ಹೇರ್‌ಪಿನ್ ತಿರುವಿನಲ್ಲಿ ಭಾರ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಅದರ ರಬ್ಬರು ಬ್ರೇಕು ಜಾರುವುದರಿಂದ ಘಾಟಿ ಹತ್ತಿದವರು ಇಳಿಯುವ ಬಗ್ಗೆಯೂ ಯೋಚಿಸಬೇಕು.

ಹಾಗೆಂದು ನಾಲ್ಕು ಸೈಕಲ್ ಬೇಕೇಬೇಕು ಎಂದೂ ಇಲ್ಲ. ಗುಂಡ್ಲುಪೇಟೆಯಂಥ ಊರಿನಲ್ಲಿ, ಬಯಲು, ಹೊಲ, ಘಾಟಿ ಮೂರೂ ಒಂದು ಹಗಲಿನ ದಾರಿಯೊಳಗೇ ಇರುವಲ್ಲಿ, ಎರಡು ಸಾಕು. ಹೊರೆಗೆ ಹಳೆಯ ಬಾರ್ ಸೈಕಲ್. ಉಳಿದದ್ದಕ್ಕೆ ನಲವತ್ತು ಮಿಲಿಮೀಟರಿನ ಟೈರು ಹಿಡಿಸುವ, ಹಿಂದೆ ದೊಡ್ಡ ಹಲ್ಲುಚಕ್ರವಿರುವ ಗೇರ್ ಸೈಕಲ್. ರೇಸಿಗೆ ಇಳಿಯುವವರು ಮೂರನೆಯದನ್ನು ಕೊಳ್ಳಲಿ. ನಾಲ್ಕನೆಯದಕ್ಕೆ ಕಾರಣ ಭೌತಶಾಸ್ತ್ರದಲ್ಲಿ ಸಿಗುವುದಿಲ್ಲ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಮಕ್ಕಳ ಕೈಗೆ ಬಂದದ್ದು ಗೇರಿಲ್ಲದ ಸೈಕಲ್. ಊರಿನಿಂದ ಹೈಸ್ಕೂಲಿಗೆ ಮೂರ್ನಾಲ್ಕು ಕಿಲೋಮೀಟರಿನ ಬಯಲು ದಾರಿಗೆ ಅದು ಸರಿಯಾದ ಆಯ್ಕೆಯೇ. ಕೆಡುವ ಬಿಡಿಭಾಗ ಕಡಿಮೆ, ಯಾವ ಊರಿನ ಸೈಕಲ್ ಶಾಪಿನಲ್ಲೂ ರಿಪೇರಿ. ಬೆಟ್ಟದ ಸಾಲಿನ ಹಳ್ಳಿಗಳ ಮಕ್ಕಳಿಗೆ ಹಿಂದಿನ ಫ್ರೀವೀಲನ್ನಾದರೂ 18ರ ಬದಲು 22 ಹಲ್ಲಿನದು ಹಾಕಿ ಕೊಟ್ಟಿದ್ದರೆ ಹೆಚ್ಚಿನ ಖರ್ಚಿಲ್ಲದೆ ತುಳಿತ ಐದರಲ್ಲಿ ಒಂದು ಪಾಲು ಹಗುರಾಗುತ್ತಿತ್ತು.

ಬ್ಯಾಟರಿ ಬಂದ ಮೇಲೆ

ಈಗ ಲೆಕ್ಕಕ್ಕೆ ಹೊಸದೊಂದು ಅಂಕಿ ಸೇರಿದೆ. ಭಾರತದ ನಿಯಮದಂತೆ 250 ವಾಟ್ ಮೀರದ ಮೋಟರಿನ, ಗಂಟೆಗೆ 25 ಕಿ.ಮೀ. ಮೀರದ ವಿದ್ಯುತ್ ಸೈಕಲಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ನೂರಕ್ಕೆ ಇನ್ನೂರೈವತ್ತು ಸೇರಿದರೆ ಎಂಟರ ಏರಿನಲ್ಲಿ 5 ಕಿ.ಮೀ. ಇದ್ದ ವೇಗ 15ರ ಹತ್ತಿರಕ್ಕೆ ಹೋಗುತ್ತದೆ. ಗಂಟೆಗೆ 15 ಕಿ.ಮೀ. ಎಂದರೆ ಬಾರ್ ಸೈಕಲಿನ ಹಲ್ಲಿನಲ್ಲೂ ತುಳಿಗತಿ ನಲವತ್ತಾರು. ಅಂದರೆ ಗೇರೇ ಇಲ್ಲದ ಸೈಕಲ್ ಕೂಡ ಘಾಟಿ ಹತ್ತೀತು. ಬ್ಯಾಟರಿಯ ಲೆಕ್ಕ ಮಾತ್ರ ಬಿಗಿ. ಸವಾರ, ಸೈಕಲ್, ಬ್ಯಾಟರಿ ಸೇರಿ 90 ಕಿಲೋವನ್ನು 1,200 ಮೀಟರ್ ಮೇಲೆತ್ತಲು ಬೇಕಾಗುವುದು ಸುಮಾರು 0.3 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ. ಕಾಲಿನ ಪಾಲು ಕಳೆದು, ಮೋಟರು ಬಿಸಿಯಾಗಿ ಪೋಲಾಗುವುದನ್ನು ಕೂಡಿಸಿದರೆ, ಸಾಧಾರಣ ಸೈಕಲ್ ಬ್ಯಾಟರಿಯ ಮುಕ್ಕಾಲು ಪಾಲು ಒಂದೇ ಏರಿಗೆ ಖಾಲಿ. ಮೋಟರು ಎಷ್ಟೇ ಜೋರಿದ್ದರೂ ಎರೆಹೊಲದ ದಾರಿಯಲ್ಲಿ ಮಡ್‌ಗಾರ್ಡಿಗೆ ಮಣ್ಣು ತುಂಬಿದರೆ ಇಳಿದು ಕಡ್ಡಿ ಹುಡುಕಬೇಕು. ಆಗ ತಳ್ಳಬೇಕಾಗಿರುವುದು ಐದಾರು ಕಿಲೋ ಹೆಚ್ಚು ತೂಗುವ ಸೈಕಲನ್ನು.